ಸುಮಂಗಲಾಳ ಗಂಜಿ ಬೇಯಿಸಿದ ಕುಕ್ಕರ್

ನಾನು ಒಂದು ಪ್ರೆಶರ್ ಕುಕ್ಕರ್. ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ತಗಡನ್ನು ಒತ್ತಿ ನನಗೆ ಹೊಟ್ಟೆ ಕೊಟ್ಟರು. ಅದರೊಳಗೆ ಆವಿಯನ್ನು ಕೂಡಿಹಾಕಿದರು. ಅಂದಿನಿಂದ ನನಗೆ ನೆಮ್ಮದಿಯೆಂಬುದಿಲ್ಲ.

ಗದಗಿನ ಪಾತ್ರೆ ಅಂಗಡಿಯಿಂದ ನನ್ನನ್ನು ಕೊಂಡವರು ಬಸಲಿಂಗವ್ವ. ಅವರು ಅಡಿಗೆಯ ರುಚಿ ನೋಡುವವರಲ್ಲ. ಲಿಂಗಕ್ಕೆ ಎಡೆ ತೋರಿಸದೆ ಒಂದು ಹನಿಯೂ ನಾಲಿಗೆಗೆ ಹೋಗುವಂತಿರಲಿಲ್ಲ.

ಮಗಳು ಸುಮಂಗಲಾಗೆ ರಕ್ತದ ಕ್ಯಾನ್ಸರ್ ಆಯಿತು. ಅವಳ ತಮ್ಮ ಶಿವಪುತ್ರ ಅಸ್ಥಿಮಜ್ಜೆ ಕೊಟ್ಟ. ಕಸಿಯಾದ ಮೇಲೆ ಬೇಗ ಊರಿಗೆ ಮರಳುವಂತಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯ ಹಿಂದಿನ ಬಾಡಿಗೆ ಕೋಣೆಗೆ ನಾನೂ ಬಂದೆ. ಹಸಿಯದೇನೂ ಅವಳಿಗೆ ಕೂಡದು. ನನ್ನೊಳಗೆ ಬೆಂದದ್ದೇ ಆಗಬೇಕು.

ಕೆಲವು ವಾರ ಉಂಡಳು. ಆಮೇಲೆ ಅಂಗೈ ಕೆಂಪಾಯಿತು, ಭೇದಿ ನಿಲ್ಲದಾಯಿತು. ತಮ್ಮನಿಂದ ಬಂದ ಕೋಶಗಳು ಅಕ್ಕನ ಮೈಯನ್ನು ಬೇರೆಯವರದೆಂದು ತಿಳಿದು ಅದರ ಮೇಲೆಯೇ ಬಿದ್ದಿದ್ದವು. ಔಷಧಿಗೆ ಅವು ಬಗ್ಗಲಿಲ್ಲ. ಶಿವಪುತ್ರ ತಟ್ಟೆಯ ಮುಂದೆ ಕೂತು ಅನ್ನ ಕಲಸುವನು, ಹಾಗೇ ಎದ್ದುಬಿಡುವನು.

"ಸಣ್ಣಾಂವ ಇದ್ದಾಗಿಂದ ನನ್ನ ಕೂಡ ಜಗಳ. ಒಳಗ ಹೊಕ್ಕರೂ ಬಿಡವಲ್ಲಿ ನೋಡು," ಎಂದು ಸುಮಂಗಲಾ ನಕ್ಕಳು. ಅವನು ನಗಲಿಲ್ಲ.

ಯಾರೋ ಗುರುತಿಲ್ಲದವರ ಮಜ್ಜೆಯಿಂದ ಬೆಳೆಸಿದ ಕಾಂಡಕೋಶಗಳನ್ನು ಕೊಟ್ಟರೆ ಈ ಕಾದಾಟ ತಣ್ಣಗಾದೀತೇ ಎಂಬ ಪರೀಕ್ಷೆ ಆ ಆಸ್ಪತ್ರೆಯಲ್ಲಿ ಆಗಷ್ಟೇ ಶುರುವಾಗಿತ್ತು. ಮೊದಲು ಸೇರುವವರಿಗೆ ಸಣ್ಣ ಪ್ರಮಾಣ. ಕೇಡಿಲ್ಲವೆಂದು ಕಂಡರೆ ಮುಂದಿನವರಿಗೆ ಹೆಚ್ಚು. ಗುಣವಾಗುತ್ತದೆಂದು ಮಾತು ಕೊಡಲಾರೆ ಎಂದು ಡಾಕ್ಟರಮ್ಮ ಬಿಚ್ಚಿ ಹೇಳಿದ್ದರು.

"ಅಂದ್ರ ನಾ ಉಪ್ಪು ನೋಡೋ ಚಮಚ," ಎಂದಳು ಸುಮಂಗಲಾ, ಕೋಣೆಗೆ ಬಂದು ಮಲಗುತ್ತ.

"ಬ್ಯಾಡಕ್ಕಾ. ಮುಂದ ಬರೋ ಮಂದಿ ಸಲುವಾಗಿ ನೀ ಯಾಕ?" ಎಂದ ಶಿವಪುತ್ರ.

"ಯವ್ವಾ, ನೀ ಹೇಳು."

ಬಸಲಿಂಗವ್ವ ನನ್ನ ಮುಚ್ಚಳ ಒರೆಸುತ್ತಿದ್ದರು. "ಇಷ್ಟು ವರ್ಷ ಉಪ್ಪು ಹೆಚ್ಚೋ ಕಡಿಮಿಯೋ ಗೊತ್ತಿಲ್ದನ ಎಡಿ ಹಿಡದೇನಿ. ತಗೊಳ್ಳೋದು ಆ ದೇವರಿಗೆ ಬಿಟ್ಟದ್ದು. ಆದ್ರ ಇದು ನಿನ್ನ ಮೈ, ನಮ್ಮವ್ವ. ನೀನ ಹೇಳಬೇಕು."

ಸುಮಂಗಲಾ ಒಪ್ಪಿದಳು.

ಕೋಶಗಳು ಮೈಗೆ ಏರಿದ ಮೇಲೆ ನಾನು ದಿನಾ ಗಂಜಿ ಬೇಯಿಸಿದೆ. ದಿನಾ ಅದು ಹಾಗೇ ಹಿಂದೆ ಬಂತು. ನನ್ನ ಸೀಟಿ ನನಗೇ ಕರ್ಕಶವಾಗಿ ಕೇಳಿಸುತ್ತಿತ್ತು. ಒಂದು ಬೆಳಗ್ಗೆ ಬಟ್ಟಲು ಖಾಲಿಯಾಗಿ ಬಂತು.

"ಉಪ್ಪು ಕಡಿಮಿ ಆಗೇದ ಯವ್ವಾ," ಎಂದಳು.

ಬಸಲಿಂಗವ್ವ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡರು. ಅದು ಹೊಸ ಕೋಶಗಳ ಗುಣವೋ, ಹಳೆಯ ಔಷಧಿ ತಡವಾಗಿ ಹಿಡಿಯಿತೋ, ಡಾಕ್ಟರಮ್ಮನೂ ಹೇಳಲಾರದೆ ಹೋದರು.

ಹುಣ್ಣಿಮೆಯವರೆಗೆ ಉಂಡಳು. ಆಮೇಲೆ ಎದೆಗೆ ಸೋಂಕು ಹತ್ತಿತು. ಆಸ್ಪತ್ರೆಗೆ ಹೋದವಳು ಮರಳಲಿಲ್ಲ.

ಊರಲ್ಲಿ ಮಣ್ಣು ಮಾಡಿ, ಕೋಣೆ ಬಿಟ್ಟುಕೊಡಲು ತಾಯಿ ಮಗ ಬಂದರು. ಬಸಲಿಂಗವ್ವ ಅನ್ನ ಮಾಡಿ, ಎಡೆ ತೋರಿಸಿ, ಮಗನಿಗೆ ಬಡಿಸಿದರು.

"ಆಕಿನ್ನ ತಿಂದದ್ದು ನನ್ನ ರಕ್ತ. ನನಗ ಅನ್ನ ಹೆಂಗ ಇಳೀತದ ಯವ್ವಾ?"

"ಹುಣ್ಣಿವಿ ತನಕಾ ಆಕಿ ಉಂಡದ್ದು ಯಾರ ರಕ್ತದ ಬಲದಾಗ? ಅದೂ ನಿಂದನ. ಉಣ್ಣಪ್ಪ."

ಅವನು ತುತ್ತು ಬಾಯಿಗಿಟ್ಟ. ನುಂಗಲು ಬಹಳ ಹೊತ್ತು ಹಿಡಿಯಿತು. ಇನ್ನೊಂದು ಇಟ್ಟ.

ಮುಂದೆ ಬರುವವರಿಗಿರಲಿ ಎಂದು ನನ್ನನ್ನು ಅಲ್ಲೇ ಬಿಟ್ಟುಹೋದರು. ಹೆಚ್ಚಿನ ಪ್ರಮಾಣ ತೆಗೆದುಕೊಂಡ ರೋಗಿಗಳ ಮನೆಯವರೂ ಬಂದರು. ಕೆಲವರು ನಗುತ್ತ ಊರಿಗೆ ಹೋದರು, ಕೆಲವರು ಮಾತಿಲ್ಲದೆ. ಈಗ ನನ್ನ ಮುಚ್ಚಳ ಬಿಗಿಯಾಗದು. ಅಡಿಗೆ ಕಟ್ಟೆಯ ಕೆಳಗೆ ಅಕ್ಕಿ ತುಂಬಿಕೊಂಡು ಕೂತಿದ್ದೇನೆ. ಒಳಗೆ ಆವಿಯಿಲ್ಲ, ಚಡಪಡಿಕೆ ಮಾತ್ರ ಹೋಗಿಲ್ಲ. ಮೇಲೆ ಹೊಸ ಕುಕ್ಕರ್ ಕೂಗಿ ಸುಮ್ಮನಾದೊಡನೆ ಕಿವಿಗೊಡುತ್ತೇನೆ. ಚಮಚ ಬಟ್ಟಲಿಗೆ ತಾಗಿದ ಸದ್ದು ಕೇಳಿಸಿದರೆ, ದೇವರೇ, ಇನ್ನೊಂದು ಸಲ ತಾಗಲಿ ಎನ್ನುತ್ತೇನೆ.