ಹೊಸ್ತಿಲು ದಾಟಿದ ಚಿಮಟ

ಕಿರುಬೆರಳೂ ತೂರದ ಬಾಗಿಲೊಳಗೆ ಮರದ ಮೆಟ್ಟಿಲಸಾಲೊಂದನ್ನು ಹೊತ್ತು ನಡೆದು, ಅದನ್ನು ನೆಟ್ಟಗೆ ನಿಲ್ಲಿಸಿ ಬಂದದ್ದು ನಾನು. ಬಹಳ ವರ್ಷಗಳ ಹಿಂದಿನ ಮಾತು. ಆದರೆ ನೋಡಿದವರೆಲ್ಲ ಮೆಚ್ಚಿದ್ದು ಆ ಮೆಟ್ಟಿಲನ್ನು, ನನ್ನನ್ನಲ್ಲ.

ನಾನು ಒಂದು ಉಕ್ಕಿನ ಚಿಮಟ. ಕೈಗಡಿಯಾರದ ಹಲ್ಲುಚಕ್ರಗಳನ್ನು ಎತ್ತಿಡುವುದಕ್ಕೆಂದೇ ಹುಟ್ಟಿದವನು. ಬೆಂಕಿಯಲ್ಲಿ ಕಾದು, ಎಣ್ಣೆಯಲ್ಲಿ ಮುಳುಗಿ, ಅರದ ಉಜ್ಜನ್ನು ತಾಳಿಕೊಂಡು ಸೂಜಿಯಂಥ ಎರಡು ಕಾಲುಗಳನ್ನು ಪಡೆದೆ. ಹಾಸನದ ಬಸ್ ನಿಲ್ದಾಣದ ಎದುರು ಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ನನ್ನನ್ನು ಕೊಂಡರು. ಮುಂದೆ ಅಂಗಡಿಯೊಡನೆ ನನ್ನನ್ನೂ ಅಳಿಯ ಶ್ರೀಕಂಠಾಚಾರ್ಯರಿಗೆ ಒಪ್ಪಿಸಿದರು. ಆಯುಧಪೂಜೆಯಂದು ಮೊದಲ ಕುಂಕುಮ ನನಗೇ ಸಲ್ಲುತ್ತಿತ್ತು. ಸ್ಕ್ರೂಡ್ರೈವರುಗಳು ಸರದಿಗೆ ಕಾಯುತ್ತಿದ್ದವು.

ಜನ ಮೊಬೈಲಿನಲ್ಲಿ ಹೊತ್ತು ನೋಡತೊಡಗಿದ ಮೇಲೆ ಅಂಗಡಿ ಮುಚ್ಚಿತು. ಕುಂಕುಮವೂ ನಿಂತಿತು. ನಾನು ಮನೆಯ ಪೆನ್ನಿನ ಡಬ್ಬಿ ಸೇರಿದೆ.

ಆಗ ಬಂದಿತು ಅದು. ಮೊಮ್ಮಗಳು ಇಂಚರಾಳ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ ಪೆಟ್ಟಿಗೆ, ತುಂಬ ತೆಳುಮರದ ಚೂರುಗಳು, ಜೋಡಿಸಿದರೆ ಗೊಂಬೆಮನೆ. ಆಚಾರ್ಯರು ಕನ್ನಡಕ ಏರಿಸಿ ನನ್ನನ್ನು ಎತ್ತಿಕೊಂಡಾಗ ನನ್ನ ಕಾಲ ಮರಳಿತೆಂದು ಹಿಗ್ಗಿದೆ. ಕುರ್ಚಿಗೆ ಕಾಲು ಅಂಟಿಸಿದ್ದು ನಾನು, ಸಾಸಿವೆಯಷ್ಟು ದೀಪಕ್ಕೆ ತಂತಿ ಎಳೆದದ್ದು ನಾನು. ಚೆಂದ ಎನ್ನಿಸಿಕೊಂಡದ್ದು ಅದು. ಆಚಾರ್ಯರ ಹೆಂಡತಿ ಸರ್ವಮಂಗಳಮ್ಮ ರೇಷ್ಮೆಯ ರವಿಕೆ ಕಣ ಕತ್ತರಿಸಿ ಅದರ ಕಿಟಕಿಗೆ ಪರದೆ ಹೊಲಿದರು. ಅವರ ತಂದೆಯ ಕೈಯಲ್ಲಿ ದುಡಿದ ನನಗೆ ಮೈಯ ಗೋಂದು ಒರೆಸಲು ಒಂದು ಹಳೆಯ ಬಟ್ಟೆಯೂ ದಕ್ಕಲಿಲ್ಲ.

ಗೋಡೆ ಏಳುವ ಹೊತ್ತಿಗೆ ಸರ್ವಮಂಗಳಮ್ಮನೇ ಅಡ್ಡ ಬಂದರು.

"ಮನೆ ಅಂದ್ಮೇಲೆ ಮೊದ್ಲು ಬಾಗಿಲು ನಿಲ್ಲಿಸ್ಬೇಕು ಕಣ್ರೀ."

"ಮೆಟ್ಟಿಲು ಮೊದಲು ಅಂತ ಪೆಟ್ಟಿಗೆ ಜೊತೆ ಬಂದ ಈ ಕಾಗದದಲ್ಲಿದೆ ಕಣೇ."

"ಅದನ್ನ ಬರೆದೋರ ಮನೇಲಿ ಹೇಳೋ ಹೆಂಗಸರು ಯಾರೂ ಇರ್ಲಿಲ್ಲ ಅನ್ಸುತ್ತೆ."

ಬಾಗಿಲಿಗೆ ಅರಿಶಿನ ಬಿತ್ತು, ಮಾವಿನೆಲೆಯ ಚೂರು ಬಿತ್ತು. ಅದರ ಬೆನ್ನಿಗೇ ಗೋಡೆ, ಮಹಡಿ, ಸೂರು ಎಲ್ಲ ಅಂಟಿಕೊಂಡವು. ಪೆಟ್ಟಿಗೆಯಲ್ಲಿ ಮೆಟ್ಟಿಲು ಮಾತ್ರ ಉಳಿದಿತ್ತು.

"ಗೊಂಬೆ ಮಲ್ಗೋಕೆ ಮೇಲಕ್ಕೆ ಹೆಂಗ್ ಹೋಗತ್ತೆ?" ಎಂದು ಇಂಚರಾ ಮೆಟ್ಟಿಲನ್ನು ಎತ್ತಿ ತೋರಿಸಿದಳು.

ಸೂರು ಕಿತ್ತರೆ ತೆಳುಮರ ಸೀಳುತ್ತಿತ್ತು. ಉಳಿದದ್ದು ಬಾಗಿಲೊಂದೇ. ಆಚಾರ್ಯರ ಕೈ ಆಗಲೇ ನಡುಗಲು ಕಲಿತಿತ್ತು. ಬೋರಲು ಹಾಕಿದ ಲೋಟದ ಮೇಲೆ ಮಣಿಕಟ್ಟು ಊರಿ, ಉಸಿರು ಬಿಗಿಹಿಡಿದು ನನ್ನನ್ನು ಒಳಗೆ ಕಳಿಸಿದರು. ಅವರ ನಡುಕವನ್ನೆಲ್ಲ ನಾನು ಮೈಯೊಳಗೆ ನುಂಗಿಕೊಂಡೆ. ಮೆಟ್ಟಿಲು ಮಲಗಿಕೊಂಡೇ ಹೊಸ್ತಿಲು ದಾಟಿತು, ತಿರುಗಿತು, ಎದ್ದು ನಿಂತಿತು. ಗೋಂದು ಒಣಗುವತನಕ ನಾನು ಬಿಡಲಿಲ್ಲ. ಹೊರಬರುವಾಗ ಎಡಗಾಲಿನ ತುದಿ ಚೌಕಟ್ಟಿಗೆ ಸಿಕ್ಕಿ ಬಾಗಿತು.

ಮರುದಿನ ಗೃಹಪ್ರವೇಶ. ಸರ್ವಮಂಗಳಮ್ಮ ಒಗ್ಗರಣೆ ಸೌಟಿನಲ್ಲಿ ಹಾಲುಕ್ಕಿಸಿ ಹೊಸ್ತಿಲಿಗೆ ಕುಂಕುಮ ಇಟ್ಟರು. ನಾನು ಹಳೆಯ ಪತ್ರಿಕೆಯ ಕೆಳಗೆ ಬಿದ್ದಿದ್ದೆ. ಗೊಂಬೆಮನೆ ಗಾಜಿನ ಬೀರುವಿಗೆ ಏರಿತು, ನಾನು ಡಬ್ಬಿಗೆ ಇಳಿದೆ. ಅಂದಿನಿಂದ ಪ್ರತಿ ದಸರೆಯಲ್ಲೂ ಅದು ಗೊಂಬೆಗಳ ಸಾಲಿನಲ್ಲಿ ಕೂತು ಕುಂಕುಮ ಪಡೆಯುವುದನ್ನು ಒಣಗಿದ ಪೆನ್ನುಗಳ ಸಂದಿಯಿಂದ ನೋಡುತ್ತ ಬಂದೆ. ನನ್ನ ಮೈಗೆ ಹತ್ತಿದ ತುಕ್ಕೆಲ್ಲ ತೇವದಿಂದ ಬಂದದ್ದಲ್ಲ.

ಈ ದಸರೆಗೆ ಗೊಂಬೆಮನೆಯ ಧೂಳು ಒರೆಸುತ್ತಿದ್ದ ಇಂಚರಾ, ಈಗ ಕಾಲೇಜಿನ ಹುಡುಗಿ, ಬಾಗಿಲಿಗೆ ಬೆರಳು ತುರುಕಿ ಸೋತಳು.

"ತಾತ, ಈ ಮೆಟ್ಟಿಲು ಒಳಗೆ ಹೆಂಗೆ ಹೋಯ್ತು?"

ಆಚಾರ್ಯರು ನಿಧಾನವಾಗಿ ಎಲ್ಲವನ್ನೂ ಹೇಳಿದರು.

"ಬಾಗಿಲು ಮೊದ್ಲು ನಿಲ್ಲಿಸಿದ್ದು ನಂದೇ ತಪ್ಪು ಅಂತಾನೂ ಹೇಳಿದ್ರಾ?" ಅಡುಗೆಮನೆಯಿಂದ ಸರ್ವಮಂಗಳಮ್ಮನ ದನಿ ಕೇಳಿಬಂತು.

"ಶುರು ಮಾಡಿದ್ದೇ ಅಲ್ಲಿಂದ."

ಇಂಚರಾ ಪೆನ್ನಿನ ಡಬ್ಬಿ ಬೋರಲು ಹಾಕಿ, ಸೊಟ್ಟ ಕಾಲಿನ ಗುರುತಿನಿಂದ ನನ್ನನ್ನು ಆರಿಸಿಕೊಂಡಳು. "ಹಂಗಾದ್ರೆ ಅಜ್ಜಿ, ನೀನು ಹಾಲುಕ್ಕಿಸೋಕೆ ಮುಂಚೇನೇ ಇದು ಗೃಹಪ್ರವೇಶ ಮಾಡ್ಬಿಟ್ಟಿತ್ತು."

ಇಷ್ಟು ವರ್ಷ ನನಗೂ ಹೊಳೆಯದ ಮಾತು. ಆ ಮನೆಯನ್ನು ಹೊರಗೆ ನಿಂತು ನೋಡಿದವರು ಲೆಕ್ಕವಿಲ್ಲದಷ್ಟು ಮಂದಿ. ಒಳಗೆ ಹೋಗಿ ಬಂದದ್ದು ನಾನೊಬ್ಬನೇ.

ಸರ್ವಮಂಗಳಮ್ಮ ಕುಂಕುಮದ ಬಟ್ಟಲು ಹಿಡಿದು ಬಂದರು. "ನಮ್ಮಪ್ಪನ ಚಿಮಟ" ಎಂದು ಸೆರಗಿನಿಂದ ಒರೆಸಿ ನನಗೆ ಬೊಟ್ಟಿಟ್ಟರು. ಗೊಂಬೆಮನೆ ಸರದಿಗೆ ಕಾಯಿತು.

"ಬಲಗಾಲಿಟ್ಟೇ ಒಳಗೆ ಹೋಯ್ತಾ ತಾತ?" ಇಂಚರಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. "ಲೋಟ ಬೋರಲು ಹಾಕಿದ್ಯಲ್ಲ, ಅಲ್ಲಿಂದ ಇನ್ನೊಂದ್ ಸಲ ಹೇಳು."