ಮೂರು ಕಾಲಿನ ಸ್ಟ್ಯಾಂಡ್

ಅಮ್ಮನ ವಾಕರ್ ಇಪ್ಪತ್ತೆರಡು ಇಂಚು ಅಗಲ. ಬೀರುವಿನಿಂದ ಎದುರು ಗೋಡೆಗೆ ಮೂವತ್ತೆಂಟು ಇಂಚು. ನಾನು ಗುಂಡಿ ಹಾಕುವ ಕೆಲಸಕ್ಕೆ ಹೋಗುವ ಟೈಲರ್ ಅಂಗಡಿಯಿಂದ ಟೇಪು ತಂದು, ಎರಡೆರಡು ಸಲ ಅಳೆದು, ಅಂಗೈ ಮೇಲೆ ಬರೆದುಕೊಂಡಿದ್ದೆ.

ಆ ಬೀರು ಇರುವ ಕೋಣೆ ಅಣ್ಣನ ಸ್ಟುಡಿಯೋ. ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದಾನೆ. ರೆಕಾರ್ಡಿಂಗ್ ಅಲ್ಲೇ. ಸಮಾರಂಭಗಳಲ್ಲಿ ಹಾಡಲು ಹೋಗುವಾಗ ಅದೇ ಮೈಕು, ಅದೇ ಸ್ಟ್ಯಾಂಡು ಹೊತ್ತುಕೊಂಡು ಹೋಗುತ್ತಾನೆ. ನಮ್ಮ ಬಚ್ಚಲಿಗೆ ಹೋಗುವ ದಾರಿಯೂ ಆ ಕೋಣೆಯೇ. ಆರು ವಾರದ ಹಿಂದೆ ಸ್ಟ್ಯಾಂಡು ಮೂರೂ ಕಾಲು ಚಾಚಿಕೊಂಡು ನಿಂತಿತ್ತು. ಅಮ್ಮ ಎಡವಿ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಆವತ್ತಿನಿಂದ ಅಮ್ಮ ಅಣ್ಣನ ಜೊತೆ ಮಾತು ಬಿಟ್ಟಿದ್ದಾಳೆ. ಅವನು ಎರಡಡಿ ದೂರದಲ್ಲೇ ಕೂತಿದ್ದರೂ ನನ್ನ ಕಡೆ ತಿರುಗಿ, “ಊಟ ಮಾಡ್ತಾನಂತಾ ಕೇಳು” ಅನ್ನುತ್ತಾಳೆ. ಅವನೂ ನನ್ನನ್ನೇ ನೋಡಿ, “ಆಮೇಲೆ ಮಾಡ್ತಾನಂತೆ ಅನ್ನು” ಅನ್ನುತ್ತಾನೆ. ಹಾಡುವುದನ್ನು ನಿಲ್ಲಿಸಿಬಿಟ್ಟಿದ್ದಾನೆ. “ಜಾಗ ತಿನ್ನದ ಸ್ಟ್ಯಾಂಡ್ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಮೈಕೂ ಬೇಡ, ಏನೂ ಬೇಡ, ಎಲ್ಲ ಮಾರ್ಬಿಡ್ತೀನಿ” ಅಂದಿದ್ದ.

ಆವತ್ತು ಸ್ಟ್ಯಾಂಡಿನ ಕಾಲು ಬಿಚ್ಚಿದವಳು ನಾನು. ಮನೆಯಲ್ಲಿ ಯಾರೂ ಇಲ್ಲದಾಗ, ಮೈಕಿಗೆ ವಯರನ್ನೂ ಸಿಕ್ಕಿಸದೆ, ಅದರ ಮುಂದೆ ನಿಂತು ಹಾಡುತ್ತಿದ್ದೆ. ಗೇಟಿನ ಸದ್ದಾಯಿತು. ಗಡಿಬಿಡಿಯಲ್ಲಿ ಮೈಕನ್ನು ಡಬ್ಬಿಗೆ ಹಾಕಿ ಓಡಿದೆ. ಕಾಲು ಮಡಚಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ, ಅಳಲೂ ಇಲ್ಲ. ಹಲ್ಲು ಕೀಳಿಸಿಕೊಂಡು ಬಂದಾಗ ಕೆನ್ನೆ ಮುಟ್ಟಿದರೆ ಬೇರೆ ಯಾರದೋ ಕೆನ್ನೆ ಅನ್ನಿಸುತ್ತದಲ್ಲ, ಆರು ವಾರವೂ ಹಾಗೇ ಇದ್ದೆ.

ಅಣ್ಣ, ನಾನು ಹೊಸ ಸ್ಟ್ಯಾಂಡ್ ಕೊಳ್ಳಲು ಹೋದ ಮೈಕಿನ ಅಂಗಡಿಯ ಮುದುಕರಿಗೆ ಬಾಯಿ ತುಂಬ ಮಾತು. ಮೊದಲು ಗೋಡೆಗೆ ಹೊಡೆಯುವ ಒಂದು ತೋಳು ತೋರಿಸಿದರು. “ನೆಲದ ಮೇಲೆ ಒಂದಿಂಚೂ ಜಾಗ ಬೇಡ ನೋಡಪ್ಪ.”

“ಸ್ಟೇಜಿಗೆ ಹೋಗೋವಾಗ ಗೋಡೆನೂ ಕಿತ್ಕೊಂಡು ಹೋಗ್ಲಾ ಸಾರ್?” ಅಂದ ಅಣ್ಣ.

“ಆಹಾ, ನಾಲಿಗೆ ಚೆನ್ನಾಗಿದೆ! ಹಾಗಾದ್ರೆ ಇದು.” ಊಟದ ತಟ್ಟೆಯಷ್ಟು ಅಗಲದ ಕಬ್ಬಿಣದ ತಳ, ಅದರ ನಡುವೆ ಒಂದು ಕಂಬ. “ಕಾಲೇ ಇಲ್ಲ. ಸ್ಟೇಜ್ ಮೇಲೆ ಹತ್ತು ಜನ ಒತ್ಕೊಂಡು ನಿಂತ್ರೂ ಯಾರಿಗೂ ತಗಲಲ್ಲ.”

ನಾನು ಟೇಪು ಹಿಡಿದೆ. ಹತ್ತು ಇಂಚು. ಗೋಡೆಗೆ ಒತ್ತಿಟ್ಟರೆ ವಾಕರಿನ ಆಚೆಗೆ ಮೂರಿಂಚು, ಈಚೆಗೆ ಮೂರಿಂಚು ಉಳಿಯುತ್ತದೆ. ಮುದುಕರು ಕಂಬದ ತುದಿಗೆ ಮೈಕು ಚಾಚುವ ಅಡ್ಡಕೋಲು ಸಿಕ್ಕಿಸಿ, ಮುಂದಕ್ಕೆ ಎಳೆದರು. ತಳದ ಹಿಂಬದಿ ನೆಲ ಬಿಟ್ಟು ಮೇಲೆದ್ದಿತು.

“ಅಡ್ಡಕೋಲಿಲ್ದೆ, ಬರೀ ಕಂಬ ಹಿಡ್ಕೊಂಡ್ರೆ ಬೀಳತ್ತಾ?” ಅಂದೆ.

“ಅರೆ, ಇವಳಿಗೆ ಮಾತು ಬರುತ್ತೆ! ಮೈಕ್ ಸ್ಟ್ಯಾಂಡ್ ಹಿಡ್ಕೊಂಡು ಯಾರಮ್ಮ ನಡೀತಾರೆ?”

“ಬೀಳೋರು ಕೈಗೆ ಸಿಕ್ಕಿದ್ದನ್ನ ಹಿಡ್ಕೋತಾರೆ.”

ಮುದುಕರು ಅಡ್ಡಕೋಲು ತೆಗೆದರು. ನಾನು ಕಂಬ ಹಿಡಿದು ಜಗ್ಗಿದೆ. ಅದು ವಾಲಿತು. ಇನ್ನೂ ದಪ್ಪ ತಳದ್ದು ತರಿಸಿದರು. ಅದೂ ಹತ್ತೇ ಇಂಚು, ತೂಕ ಮಾತ್ರ ಎರಡರಷ್ಟು. ಜಗ್ಗಿದೆ. ತಳ ಕದಲಲಿಲ್ಲ.

ಅಣ್ಣ ಅದರ ಕಂಬ ಸವರುತ್ತ, ನನಗಿಟ್ಟ ಅಡ್ಡಹೆಸರು ಹಿಡಿದು ಮೆಲ್ಲಗೆ ಅಂದ: “ಏ ಇಲಿ, ಆವತ್ತು ನಾನು ಕಾಲು ಮಡಚಿ ಮೂಲೆಗಿಟ್ಟ ಹಾಗೇ ನೆನಪು ಕಣೇ. ಕಣ್ಣಿಗೆ ಕಟ್ಟಿದ ಹಾಗಿದೆ. ಸುಳ್ಳು ನೆನಪು ಇಷ್ಟು ಸರಿಯಾಗಿ ಬರುತ್ತಾ?”

“ನೀನು ಮಡಚಿಟ್ಟಿದ್ದೆ ಅಣ್ಣ. ಬಿಚ್ಚಿದ್ದು ನಾನು. ಹಾಡೋಕೆ.”

ನನ್ನ ದನಿ ನನಗೇ ಪಕ್ಕದ ಕೋಣೆಯಿಂದ ಬಂದ ಹಾಗಿತ್ತು. ಮುದುಕರು ಹಿಂದೆ ತಿರುಗಿ, ಕಪಾಟಿನಲ್ಲಿ ಏನೋ ಹುಡುಕತೊಡಗಿದರು.

“ಮೈಕ್ ಆನ್ ಇತ್ತಾ?” ಅಂದ ಅಣ್ಣ.

“ಇಲ್ಲ.”

“ಹೂಂ.” ಅವನು ಕಂಬದಿಂದ ಕೈ ತೆಗೆದ. ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. “ಇದನ್ನೇ ಕಟ್ಟಿ ಸಾರ್” ಅಂದ.

ಸ್ಕೂಟರಿನಲ್ಲಿ ಆ ತಳ ನನ್ನ ತೊಡೆಯ ಮೇಲಿತ್ತು. ಮನೆ ಮುಟ್ಟುವಷ್ಟರಲ್ಲಿ ಎರಡೂ ಕಾಲು ಜೋಮು ಹಿಡಿದಿದ್ದವು. ಗೇಟಿನ ಹತ್ತಿರ ಅಣ್ಣ, “ಅಮ್ಮಂಗೆ ನೀನೇ ಹೇಳು. ನಾನು ಹೇಳಿದ್ರೆ ತಪ್ಪನ್ನ ನಿನ್ನ ಮೇಲೆ ಹಾಕ್ತಿದೀನಿ ಅಂತಾಳೆ” ಅಂದು, ಹೊರಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

ಸ್ಟ್ಯಾಂಡನ್ನು ಗೋಡೆಗೆ ಒತ್ತಿ ನಿಲ್ಲಿಸಿದೆ. ವಾಕರಿನ ಟಕ್ ಟಕ್ ಬಂತು.

“ಅಮ್ಮ, ಒಂದು ಮಾತು.”

“ಮೊದ್ಲು ದಾರಿ ಬಿಡೇ, ಅವಸರ ಆಗಿದೆ.”

ವಾಕರ್ ಎಲ್ಲೂ ತಗಲದೆ ದಾಟಿತು. ಬಚ್ಚಲ ಬಾಗಿಲ ಹೊರಗೆ ನಿಂತೆ. ಓಡಿಹೋಗಲು ಸಮಯವಿತ್ತು, ಓಡಲಿಲ್ಲ. ಬಾಗಿಲು ತೆರೆದ ಕೂಡಲೇ ಅಷ್ಟನ್ನೂ ಹೇಳಿದೆ.

ಅಮ್ಮ ವಾಕರನ್ನು ಹೊಸ್ತಿಲಿನಿಂದ ಈಚೆ ತಂದಳು.

“ಎಲ್ಲಿದಾನೆ?”

“ಮೆಟ್ಟಿಲ ಮೇಲೆ. ಏನು ಹೇಳ್ಲಿ?”

“ನೀನೇನೂ ಹೇಳ್ಬೇಡ.”

ಅಮ್ಮ ವಾಕರನ್ನು ಮೆಲ್ಲಗೆ ತಿರುಗಿಸಿಕೊಂಡಳು. ಬೀಳದಿರಲೆಂದು ಕೈ ಚಾಚಿದೆ. ಅವಳು ನನ್ನ ಕೈ ಹಿಡಿಯದೆ, ಹೊಸ ಸ್ಟ್ಯಾಂಡಿನ ಕಂಬವನ್ನು ಹಿಡಿದಳು. ಅದು ಅಲುಗಲಿಲ್ಲ. ಅದನ್ನು ಹಿಡಿದುಕೊಂಡೇ, ಆರು ವಾರದ ಮೇಲೆ ಮೊದಲ ಸಲ ಗಟ್ಟಿಯಾಗಿ ಕೂಗಿದಳು.

“ಏ ಮಗಾ, ಒಳಗೆ ಬಾರೋ.”