ಹರಳೆಣ್ಣೆ ವಾಸ್ನೆ

ಗಣಿಯೊಳಗೆ ಬಂಡೆ ಸಿಡಿದು ಕದಿರಪ್ಪನ ಸೊಂಟದ ಮೇಲೆ ಬಿದ್ದಾಗ ಅವನಿಗಿನ್ನೂ ಮೂವತ್ತು ದಾಟಿರಲಿಲ್ಲ. ಜೊತೆಯವರು ಕಲ್ಲು ಸರಿಸಿ ಮೇಲಕ್ಕೆ ತರುವಷ್ಟರಲ್ಲಿ ಒಂದು ಹಗಲು ಕಳೆದುಹೋಗಿತ್ತು. ಜೀವ ಉಳಿಯಿತು. ಎರಡು ಕಾಲೂ ಮೈಗೆ ಅಂಟಿಕೊಂಡೇ ಇದ್ದವು, ಆದರೆ ಚಿವುಟಿದರೆ ಅವನಿಗೆ ತಿಳಿಯುತ್ತಿರಲಿಲ್ಲ.

ಕೆ.ಜಿ.ಎಫ್.ನ ಕೂಲಿ ಲೈನಿನಲ್ಲಿ ಅವರದು ತಟ್ಟಿ ಗೋಡೆಯ ಒಂದೇ ಕೋಣೆ. ಅವನ ಹೆಂಡತಿ ಗಂಗರತ್ನಮ್ಮ ದಿನಾ ಸಂಜೆ ಕಬ್ಬಿಣದ ಸೌಟಿನಲ್ಲಿ ಹರಳೆಣ್ಣೆ ಕಾಯಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಅದು ಚಟಪಟ ಅಂದಮೇಲೆ ಇಳಿಸಿ ಗಂಡನ ಕಾಲಿಗೆ ತಿಕ್ಕುತ್ತಿದ್ದಳು. ತಿಕ್ಕಿ ಕಂಬಳಿ ಹೊದಿಸಿದ ಕೂಡಲೇ ಬೂದಿ ಬಂದು ಆ ಕಾಲುಗಳ ನಡುವೆ ಸುರುಳಿ ಸುತ್ತಿ ಮಲಗುತ್ತಿತ್ತು. ಬೂದಿ ಅಂದರೆ ಅವರ ಬೆಕ್ಕು. ಮರಿಯಾಗಿದ್ದಾಗ ಒಲೆಯ ಬೂದಿಯಲ್ಲೇ ಬಿದ್ದಿರುತ್ತಿದ್ದದ್ದು, ಮೈಬಣ್ಣವೂ ಅದೇ. ಕದಿರಪ್ಪ ಹೆಂಡತಿಯ ಜೊತೆ ಮಾತು ಬಿಟ್ಟಿದ್ದ ದಿನಗಳಲ್ಲೂ ಬೂದಿಯ ಜೊತೆ ಮಾತಾಡುತ್ತಿದ್ದ. ಅವಳಿಗೆ ಅದರಿಂದ ಒಂದಿಷ್ಟು ಹೊಟ್ಟೆಕಿಚ್ಚೂ ಆಗುತ್ತಿತ್ತು, ಸಮಾಧಾನವೂ ಆಗುತ್ತಿತ್ತು.

ಲೈನಿನ ಮನೆ ಗಣಿಗೆ ಇಳಿಯುವವರಿಗೆ ಮಾತ್ರ. ಇಳಿಯಲಾರದವನು ಎಷ್ಟು ದಿನ ಇದ್ದಾನು? ಬಂಗಾರಪೇಟೆಯಲ್ಲಿದ್ದ ಕದಿರಪ್ಪನ ಅಕ್ಕ ಅಮ್ಮಾಜಮ್ಮ ಹೇಳಿ ಕಳಿಸಿದಳು. "ನನ್ನ ಅತ್ರಾನೇ ಬಂದಿರಿ. ಆದ್ರೆ ಲೈನಿನ ತಗಣೆ ಒಂದೂ ಬರ್ಕೂಡ್ದು. ಎಲ್ಲಾ ಕುದಿಸಿ ಒಗ್ದು ತನ್ನಿ."

ಅಮ್ಮಾಜಮ್ಮ ಗಂಡ ಸತ್ತವಳು. ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದೆ ಒಬ್ಬ ಸಾಹುಕಾರರ ಉಗ್ರಾಣದಲ್ಲಿ ಹುಣಿಸೆಹಣ್ಣಿನ ಬೀಜ ಬಿಡಿಸುವ ಕೆಲಸ, ಅಲ್ಲೇ ವಾಸ. ಗಂಗರತ್ನಮ್ಮ ಕಂಬಳಿ, ಕೌದಿ, ಗಂಡನ ಪಂಚೆ, ತನ್ನ ಸೀರೆ ಎಲ್ಲವನ್ನೂ ಚೌಳು ಮಣ್ಣು ಹಾಕಿ ಕುದಿಸಿ ಒಗೆದಳು. ಬೂದಿಯನ್ನು ಮುಚ್ಚಳದ ಬುಟ್ಟಿಯಲ್ಲಿ ಕೂಡಿಸಿ, ಗಂಡನನ್ನು ನೆರೆಯವರ ಕೈಯಲ್ಲಿ ಎತ್ತಿಸಿ ರೈಲು ಹತ್ತಿಸಿದಳು. ಬುಟ್ಟಿ ದಾರಿಯುದ್ದಕ್ಕೂ ಅರಚುತ್ತಲೇ ಬಂತು.

ಉಗ್ರಾಣಕ್ಕೆ ಕಿಟಕಿ ಇರಲಿಲ್ಲ. ಒಂದು ಕಡೆ ಮಾಡಿನವರೆಗೆ ಹುಣಿಸೆಹಣ್ಣಿನ ಮೂಟೆ, ಇನ್ನೊಂದು ಕಡೆ ಒಣಮೆಣಸಿನಕಾಯಿ. ನಡುವಿನ ಓಣಿಯಂಥ ಜಾಗದಲ್ಲಿ ಕದಿರಪ್ಪನ ಮಂಚ ಹಾಕಿದರು. ಗಂಗರತ್ನಮ್ಮ ಬುಟ್ಟಿಯ ಮುಚ್ಚಳ ತೆಗೆದಳು. ಬೂದಿ ತಲೆ ಹೊರಹಾಕಿ ಮೂಗು ಎತ್ತಿತು, ಸೀನಿತು, ಮತ್ತೆ ಸೀನಿತು, ಮಂಚದ ಮೇಲಿಂದ ಮೂಟೆಗೆ, ಮೂಟೆಯಿಂದ ಬಾಗಿಲಿಗೆ ಹಾರಿ ಬೀದಿಗೆ ಬಿದ್ದು ಓಡಿತು. ಅವಳು ಹಿಂದೆಯೇ ಓಡಿದಳು. ಗೂಡ್ಸ್ ಬಂಡಿಗಳ ಸಾಲಿನಡಿ ಬಾಲದ ತುದಿ ಕಂಡಿದ್ದೇ ಕೊನೆ.

"ಬತ್ತದೆ ಬಿಡು, ಹಸಿವಾದ್ರೆ ಬತ್ತದೆ" ಅಂದಳು ಅಮ್ಮಾಜಮ್ಮ.

ಬರಲಿಲ್ಲ. ಕದಿರಪ್ಪ ಗೋಡೆಯ ಕಡೆಗೆ ಮುಖ ತಿರುಗಿಸಿದ. ಅನ್ನ ಇಟ್ಟರೆ ಎರಡು ತುತ್ತು. ಬಾಗಿಲು ಹಾಕಿದರೆ ಉಸಿರು ಕಟ್ಟುತ್ತದೆ ಎನ್ನುವನು, ತೆಗೆದರೆ ಬೀದಿಯವರು ನೋಡುತ್ತಾರೆ ಎಂದು ಮುಚ್ಚಿಸುವನು. ಮೂಟೆ ಇಳಿಸುವ ಹಮಾಲಿಗಳು ಒಳಗೆ ಬಂದರೆ ಕಂಬಳಿಯನ್ನು ತಲೆಯವರೆಗೆ ಎಳೆದುಕೊಳ್ಳುವನು. ಒಂದು ಕಾಲದಲ್ಲಿ ಅವನು ಅವರೆಲ್ಲರಿಗಿಂತ ಹೆಚ್ಚು ಭಾರ ಎತ್ತುತ್ತಿದ್ದವನು. ಗಂಗರತ್ನಮ್ಮ ಹಗಲೆಲ್ಲ ಅತ್ತ ಹುಣಿಸೆ ಬಿಡಿಸುತ್ತ, ಇತ್ತ ಅವನ ಬೆನ್ನು ನೋಡುತ್ತ ಕೂರುತ್ತಿದ್ದಳು. ಬಿಟ್ಟು ಹೋಗುವಂತಿಲ್ಲ, ಹತ್ತಿರ ಕೂತರೂ ಏನೂ ಮಾಡುವಂತಿಲ್ಲ. ಅವಳಿಗೂ ಉಸಿರು ಕಟ್ಟುತ್ತಿತ್ತು, ಹೇಳುವುದು ಯಾರಿಗೆ?

ಬೆಕ್ಕು ಹಳೆ ಮನೆಗೇ ಹೋಗಿರಬಹುದು ಅನ್ನಿಸಿ ಒಂದು ಬೆಳಿಗ್ಗೆ ಗಂಡನನ್ನು ಅಮ್ಮಾಜಮ್ಮನಿಗೆ ಒಪ್ಪಿಸಿ ರೈಲು ಹತ್ತಿದಳು. ಲೈನಿನ ಮನೆಗೆ ಗಣಿಗೆ ಇಳಿಯುವ ಮಗನ ಜೊತೆ ಮುತ್ಯಾಲಮ್ಮ ಎಂಬಾಕೆ ಬಂದಿದ್ದಳು, ಚಿತ್ತೂರು ಕಡೆಯ ವಯಸ್ಸಾದ ಹೆಂಗಸು. ಬೆಕ್ಕು ಬಂದಿಲ್ಲ ಅಂದಳು. ಗಂಗರತ್ನಮ್ಮ ಹೊಸ್ತಿಲಲ್ಲೇ ಕುಸಿದು ಕೂತಳು. ಮುತ್ಯಾಲಮ್ಮ ನೀರು ಕೊಟ್ಟು ಎಲ್ಲ ಕೇಳಿಸಿಕೊಂಡಳು.

"ಪಿಲ್ಲಿ ಮೂಗಿಂದ ದಾರಿ ನೋಡ್ತದಮ್ಮಾ. ಅಲ್ಲಿ ನಿಮ್ಮ ಮನೆ ವಾಸ್ನೆ ಏನೈತೆ ಅಂತ ಬರ್ಬೇಕು?" ಎನ್ನುತ್ತ ಒಲೆಯ ಹಿಂದಿನಿಂದ ಒಂದು ಗೋಣಿತಾಟು ಎಳೆದು ಕೊಟ್ಟಳು. "ಇದು ನಿಮ್ದೇ, ನಾನಿನ್ನೂ ಬಿಸಾಕಿಲ್ಲ. ಓಗಿ ಬಾಗ್ಲಾಗೆ ಆಕು."

ಬೂದಿ ಮಲಗುತ್ತಿದ್ದ ತಾಟು ಅದು. ಗಂಗರತ್ನಮ್ಮ ಅದನ್ನು ಮಡಿಸಿ ಸೆರಗಿನೊಳಗೆ ಮುಚ್ಚಿಕೊಂಡು ತಂದಳು, ರೈಲಿನ ಗಾಳಿಗೆ ವಾಸನೆ ಹಾರಿಹೋದೀತು ಎಂಬ ಹೆದರಿಕೆಯಿಂದ. ಸಂಜೆ ಉಗ್ರಾಣದ ಬಾಗಿಲ ಪಕ್ಕ ಹಾಸಿ, ಮೇಲೊಂದು ಒಣಗಿದ ಕರಿಮೀನಿನ ತುಂಡು ಇಟ್ಟು ಕಾದಳು. ಬೀದಿನಾಯಿ ಬಂದು ಮೀನು ತಿಂದು, ತಾಟಿನ ಮೇಲೆ ಕಾಲೆತ್ತಿ ಹೋಯಿತು.

ಅವಳು ಒಳಗೆ ಬಂದು ಮೂಟೆಗೆ ಒರಗಿ ಬಿಕ್ಕಳಿಸಿ ಅತ್ತಳು. ಕದಿರಪ್ಪ ಮುಖ ತಿರುಗಿಸಿ ನೋಡಿದ.

"ಏನಾಯ್ತೇ?"

ಹೇಳಿದಳು. ನಾಯಿಯ ವಿಷಯ ಬಂದಾಗ ಅವನ ತುಟಿ ಸ್ವಲ್ಪ ಅಲುಗಿತು. ಆಮೇಲೆ ಹೊದ್ದಿದ್ದ ಕಂಬಳಿಯ ಅಂಚನ್ನು ಮೂಸಿದ.

"ಕಂಬ್ಳಿ ಇಟ್ಟು ನೋಡ್ದ್ಯಾ?"

"ಕುದಿಸಿ ಒಗ್ದಿದ್ದೀನಲ್ಲಾ. ಚೌಳು ವಾಸ್ನೆ ಬಿಟ್ರೆ ಅದ್ರಾಗೇನೈತೆ?"

"ಎಣ್ಣೆ?"

ಅವಳು ತಲೆಯೆತ್ತಿದಳು. ಬಂಗಾರಪೇಟೆಗೆ ಬಂದಮೇಲೆ ಎಣ್ಣೆ ತಿಕ್ಕುವುದು ನಿಂತೇ ಹೋಗಿತ್ತು. ಬೆಳ್ಳುಳ್ಳಿ ವಾಸನೆ ಹುಣಿಸೆಹಣ್ಣಿಗೆ ಹತ್ತಿದರೆ ಸಾಹುಕಾರರು ಬಯ್ಯುತ್ತಾರೆಂದು ಅಮ್ಮಾಜಮ್ಮ ಬೇಡ ಅಂದಿದ್ದಳು.

"ಎಣ್ಣೆ ಕಾಯಿಸಿ ಬೀದ್ಯಾಗೆ ಇಡ್ತೀನಿ" ಅಂದಳು.

"ಬರೇ ಎಣ್ಣೆ ಅಲ್ಲ." ಅಂದ ಅವನು. "ಅದಕ್ಕೆ ಗೊತ್ತಿರೋದು ನನ್ನ ಕಾಲು."

ಹೇಳಿದ ಮೇಲೆ ಅವನೇ ಹೆದರಿದಂತೆ ಕಂಬಳಿ ಎಳೆದುಕೊಂಡ. ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಗಂಜಿ ತಂದಾಗ, "ಆ ಹಮಾಲಿಗಳನ್ನ ಕರಿ. ಮಂಚ ಎತ್ತಿ ಬೀದಿಗೆ ಇಡ್ಲಿ" ಅಂದ. ಅವಳು ಗಂಜಿಯ ತಟ್ಟೆ ಅಲ್ಲೇ ಇಟ್ಟು ಓಡಿದಳು, ಅವನು ಮನಸ್ಸು ಬದಲಿಸುವುದರೊಳಗೆ.

ಪಕ್ಕದ ಗುಡಿಸಲಿನ ಹಮಾಲಿ ಮುನಿಶಾಮಿ ಇನ್ನೊಬ್ಬನನ್ನು ಕರೆದುಕೊಂಡು ಬಿಸಿಲಿಳಿದ ಮೇಲೆ ಬಂದ. "ಯಾಕ್ಲಾ ಬೀದಿಗೆ? ಜನ ಏನಂತಾರೆ?" ಅಂದಳು ಅಮ್ಮಾಜಮ್ಮ. ಕದಿರಪ್ಪ ಕಣ್ಣು ಮುಚ್ಚಿಕೊಂಡ. ಮಂಚ ಬಾಗಿಲು ದಾಟುವಾಗ ಅವನ ಎರಡೂ ಕೈ ಚೌಕಟ್ಟನ್ನು ಹಿಡಿದುಬಿಟ್ಟವು. ಮುನಿಶಾಮಿ ಎಳೆಯಲಿಲ್ಲ. ಮಂಚವನ್ನು ಹಾಗೇ ಹೆಗಲ ಮೇಲೆ ಹೊತ್ತು ನಿಂತ. ಬೆರಳುಗಳು ಒಂದೊಂದಾಗಿ ಬಿಟ್ಟವು.

ಗೋಡೆಯ ಪಕ್ಕ ಬೀದಿಯಲ್ಲಿ ಮಂಚ ಇಳಿಸಿದರು. ಗಂಗರತ್ನಮ್ಮ ಮೂರು ಕಲ್ಲು ಹೂಡಿ ಬೆಂಕಿ ಹಚ್ಚಿ ಎಣ್ಣೆ ಕಾಯಿಸಿದಳು. ಬೆಳ್ಳುಳ್ಳಿ ಸಿಡಿದ ವಾಸನೆ ಗೂಡ್ಸ್ ಶೆಡ್ಡಿನವರೆಗೆ ಹರಡಿತು. ಎಲ್ಲರೆದುರು ಗಂಡನ ಪಂಚೆ ಮೊಣಕಾಲಿನ ಮೇಲಕ್ಕೆ ಸರಿಸಿದಾಗ ಅವಳಿಗೇ ನಾಚಿಕೆಯಾಯಿತು. ಕಟ್ಟಿಗೆಯಂತೆ ಸಣ್ಣಗಾಗಿದ್ದ ಕಾಲು. ಸಂತೆಯಿಂದ ಬರುವವರು ನಿಂತು ನೋಡಿದರು, ಯಾರೋ ಅಯ್ಯೋ ಪಾಪ ಅಂದರು. ಒಂದು ಎತ್ತು ಬಂದು ಅವನ ಮುಖ ಮೂಸಿತು. ಸರಿಯಲಾಗದೆ ಅವನು ಹಾಗೇ ಬಿದ್ದಿದ್ದ. ಒಳಗೆ ಮೂಟೆಗಳ ನಡುವೆ ಸಿಕ್ಕಿಕೊಂಡಿದ್ದವನು ಹೊರಗೆ ಇಷ್ಟು ದೊಡ್ಡ ಆಕಾಶದಡಿ ಇನ್ನೂ ಬಿಗಿಯಾಗಿ ಸಿಕ್ಕಿಕೊಂಡಂತಿದ್ದ. ಹಣೆಯಲ್ಲಿ ಬೆವರು.

"ಒಳಕ್ಕೆ ಕರ್ಕೊಂಡು ಓಗ್ಲಾ?" ಅಂದಳು.

"ಬ್ಯಾಡ. ತಿಕ್ಕು."

ಕತ್ತಲಾಗುವವರೆಗೆ ಕಾದರು. ಬೂದಿ ಬರಲಿಲ್ಲ. ಹಮಾಲಿಗಳು ಮಂಚವನ್ನು ಒಳಗೆ ಹೊತ್ತೊಯ್ದರು. ಮರುದಿನ ಮುನಿಶಾಮಿ ಕರೆಯದೆಯೇ ಬಂದ. ಆ ದಿನವೂ ಬರಲಿಲ್ಲ. ಅಮ್ಮಾಜಮ್ಮ ಗಂಗರತ್ನಮ್ಮನನ್ನು ಪಕ್ಕಕ್ಕೆ ಕರೆದು, "ರೈಲಿಗೆ ಸಿಕ್ಕಿರ್ತದೆ ಕಣೆ. ಅವ್ನಿಗೆ ಆಸೆ ಉಟ್ಟಿಸ್ಬ್ಯಾಡ" ಅಂದಳು. ಅದೇ ಮಾತು ಗಂಗರತ್ನಮ್ಮನ ತಲೆಯಲ್ಲೂ ಓಡುತ್ತಿತ್ತು. ಆದರೂ ಎಣ್ಣೆ ಕಾಯಿಸುವುದು ಬಿಡಲಿಲ್ಲ.

ಗಾಳಿ ತಿರುಗಿ ಉಗ್ರಾಣದ ಕಡೆಯಿಂದ ಹಳಿಗಳ ಕಡೆಗೆ ಬೀಸಿದ ಒಂದು ಸಂಜೆ ಅವಳು ಸೌಟು ತೊಳೆಯುತ್ತಿದ್ದಳು. ತಲೆಯೆತ್ತಿದರೆ ಗೂಡ್ಸ್ ಬಂಡಿಯ ಗಾಲಿಯ ಹಿಂದೆ ಏನೋ ಬೂದುಬಣ್ಣದ್ದು. ಮೈಯೆಲ್ಲ ಇದ್ದಿಲ ಮಸಿ, ಪಕ್ಕೆಲುಬು ಎಣಿಸಬಹುದು, ಒಂದು ಕಿವಿ ಹರಿದಿದೆ. ಮೂಗು ಮೇಲೆತ್ತಿ ನಿಂತಿದೆ. ಅವಳು ಉಸಿರಾಡಲೂ ಹೆದರಿ ಹಾಗೇ ಕೂತಳು. ಅದು ನಾಲ್ಕು ಹೆಜ್ಜೆ ಬಂತು, ಗಾಡಿಯ ಸದ್ದಿಗೆ ಹಿಂದೆ ಓಡಿತು, ಮತ್ತೆ ಬಂತು. ಅವಳನ್ನು ಗುರುತಿಸದಂತೆ ಸುತ್ತು ಹಾಕಿ ಮಂಚ ಹತ್ತಿತು.

ಕದಿರಪ್ಪ ಆಕಾಶ ನೋಡುತ್ತಿದ್ದ. ಬೂದಿ ಅವನ ಪಾದ ಮೂಸಿ, ಕೆನ್ನೆಯನ್ನು ಹಿಮ್ಮಡಿಗೆ ಉಜ್ಜಿ, ಕಾಲುಗಳ ನಡುವೆ ಸುರುಳಿಯಾಯಿತು. ಅವನಿಗೆ ತಿಳಿಯಲೇ ಇಲ್ಲ.

"ಬಂದೈತೆ" ಅಂದಳು ಗಂಗರತ್ನಮ್ಮ. ಮತ್ತೊಮ್ಮೆ, "ಕಾಲತ್ರ ನೋಡು, ಬಂದೈತೆ."

ಅವನು ಮೊಣಕೈ ಊರಿ ತಲೆ ಎತ್ತಿದ. ಬಂಡೆ ಬಿದ್ದ ಮೇಲೆ ಅವನು ತಾನಾಗಿ ಅಷ್ಟು ಎದ್ದದ್ದೇ ಇರಲಿಲ್ಲ. ಕೈ ಚಾಚಿ ಬೆಕ್ಕಿನ ಬೆನ್ನು ಮುಟ್ಟಿದ. ಅದು ಗುರುಗುಟ್ಟುವ ನಡುಕ ಅವನ ಅಂಗೈಗೆ ಸಿಕ್ಕಿತು, ಕಾಲಿಗೆ ಸಿಗಲಿಲ್ಲ. ಅವನು ಅತ್ತ. ಬೀದಿಯಲ್ಲಿ ಹೋಗುವವರು ನೋಡುತ್ತಿದ್ದರೂ ಮುಖ ಮುಚ್ಚಿಕೊಳ್ಳಲಿಲ್ಲ.

ಮಂಚವನ್ನು ಒಳಗೆ ಹೊರಬೇಕೆಂದು ಮುನಿಶಾಮಿ ಬಂದಾಗ ಕದಿರಪ್ಪ ಬೇಡ ಅಂದ. ಮೆಣಸಿನಕಾಯಿ ಘಾಟಿಗೆ ಬೆಕ್ಕು ಮತ್ತೆ ಹೋಗುತ್ತದೆ ಎಂಬುದು ಅವನು ಕೊಟ್ಟ ಕಾರಣ. ಅಮ್ಮಾಜಮ್ಮ ಜಗಳ ಮಾಡಿದಳು, ಆಮೇಲೆ ತಾನೇ ಎರಡು ಹಳೆಯ ತಟ್ಟಿ ಹುಡುಕಿ ತಂದಳು. ಉಗ್ರಾಣದ ಹೊರಗೋಡೆಗೆ ಒಂದು ಇಳಿಜಾರು ಚಪ್ಪರ ಎದ್ದಿತು. ಕದಿರಪ್ಪನ ಕಾಲು ಮುಂದೆಂದೂ ಸರಿಯಾಗಲಿಲ್ಲ. ಆ ಮಂಚದ ಅಳತೆಗಿಂತ ಆಚೆ ಅವನು ಹೋಗಲೂ ಇಲ್ಲ. ಮಳೆ ಹೊಡೆದರೆ ನೆನೆಯುತ್ತಿದ್ದ, ಬಯ್ಯುತ್ತಿದ್ದ, ಕೆಲವು ದಿನ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಂಗರತ್ನಮ್ಮ ಒಳಗೆ ಹುಣಿಸೆ ಬಿಡಿಸುತ್ತಿದ್ದಾಗ ಗೋಡೆಯಾಚೆ ಅವನ ಮಾತು ಕೇಳಿಸಿತು. ಮುನಿಶಾಮಿಗೆ ಹೇಳುತ್ತಿದ್ದ: ಬಂಡೆಯಡಿ ಬಿದ್ದಿದ್ದಾಗ ದೀಪ ಆರಿಹೋಯಿತು, ಬಾಯಿ ತುಂಬ ಧೂಳು, ಪಕ್ಕದಲ್ಲಿದ್ದವನು ಮೊದಲು ಕೂಗುತ್ತಿದ್ದ, ಆಮೇಲೆ ಕೂಗಲಿಲ್ಲ. ಆ ಮನುಷ್ಯನ ಹೆಸರನ್ನೂ ಹೇಳಿದ. ಅವಳು ಇದುವರೆಗೆ ಆ ಹೆಸರನ್ನೇ ಕೇಳಿರಲಿಲ್ಲ.

ಹೊರಗೆ ಹೋಗಬೇಕೆನ್ನಿಸಿತು. ಹೋದರೆ ಮಾತು ನಿಂತೀತು ಅನ್ನಿಸಿತು. ಕೈಯಲ್ಲಿ ಬೀಜ ಹಿಡಿದುಕೊಂಡೇ ಅವಳು ಕೂತಲ್ಲೇ ಕೂತು ಕೇಳಿಸಿಕೊಂಡಳು.